ಅರವತ್ತು ಕಿಲೋಮೀಟರ್ ದೂರ, ನಲವತ್ತು ವರ್ಷ ತಡ



ನಮ್ಮ ಕನ್ನಡ ಸಂಘದಲ್ಲಿ ಈ ವರ್ಷ ಚಾಮರಾಜನಗರ ಜಿಲ್ಲೆಯವರು ಮೂರು ಜನ ಇದ್ದೀವಿ. ಒಬ್ಬರದು ಕೊಳ್ಳೇಗಾಲ ಟೌನು, ಒಬ್ಬರದು ಯಳಂದೂರು, ಇನ್ನೊಬ್ಬರದು ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗೋ ದಾರಿಯ ಒಂದು ಹಳ್ಳಿ. ಮೂವರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಹಾಗಾಗಿ ಈ ಲೇಖನದಲ್ಲಿ ಒತ್ತಕ್ಷರ ತಪ್ಪಿದ್ದರೆ ಕ್ಷಮಿಸಿ. ಎರಡು ಸಲ ಮನೆಗೆ ಕಳಿಸಿ ತಿದ್ದಿಸಿದ್ದೀವಿ, ಆದರೂ ನಮ್ಮ ಮೇಲೆ ನಮಗೇ ಪೂರ್ತಿ ನಂಬಿಕೆ ಇಲ್ಲ.

ಈ ವಿಷಯ ಹುಟ್ಟಿದ್ದು ಒಂದು ಫೋನ್ ಕಾಲ್‌ನಿಂದ. ಚಾಮರಾಜನಗರಕ್ಕೆ 2023ರಲ್ಲಿ ಅದರದ್ದೇ ಒಂದು ವಿಶ್ವವಿದ್ಯಾಲಯ ಬಂತು. ಅಲ್ಲಿವರೆಗೆ ಅದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಹೊಸ ಬೋರ್ಡಿನ ಬಣ್ಣ ಮಾಸುವ ಮೊದಲೇ, 2025ರಲ್ಲಿ, ಇಷ್ಟೊಂದು ಹೊಸ ವಿಶ್ವವಿದ್ಯಾಲಯಗಳನ್ನು ನಡೆಸೋಕೆ ದುಡ್ಡಿಲ್ಲ, ಕೆಲವನ್ನು ಮುಚ್ಚಿ ಹಳೆಯದಕ್ಕೆ ಸೇರಿಸಿಬಿಡೋಣ ಅನ್ನೋ ಮಾತು ಸರ್ಕಾರದ ಮಟ್ಟದಲ್ಲೇ ಎದ್ದಿತು. ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆಯದೂ ಇತ್ತು. ನಮ್ಮಲ್ಲೊಬ್ಬನ ಚಿಕ್ಕಪ್ಪನ ಮಗಳು ಊರಲ್ಲಿ ಡಿಗ್ರಿ ಓದ್ತಿದ್ದಾಳೆ. ಪೇಪರ್ ನೋಡಿ ಫೋನ್ ಮಾಡಿದವಳು ಕೇಳಿದ್ದು ಇಷ್ಟೇ: "ಅಣ್ಣಾ, ಕೊನೇಗ ನನ್ ಸರ್ಟಿಫಿಕೇಟ್ ಮ್ಯಾಲ ಯಾರ್ ಹೆಸ್ರು ಬತ್ತದ?"

ನಮಗೆ ಉತ್ತರ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳೋಣ ಅಂತ ಕೂತರೆ, ಇದೇ ಪ್ರಶ್ನೆ ನೂರು ವರ್ಷದ ಹಿಂದೆ ಇಡೀ ಮೈಸೂರು ಸಂಸ್ಥಾನದ ಪ್ರಶ್ನೆ ಆಗಿತ್ತು ಅಂತ ತಿಳೀತು. ಒಂದು ವಿಶ್ವವಿದ್ಯಾನಿಲಯ ಹೇಗೆ ಶುರುವಾಗುತ್ತೆ, ಮೊದಲ ವರ್ಷಗಳಲ್ಲಿ ಅದನ್ನು ಬದುಕಿಸೋದು ಯಾವುದು, ಅದು ಯಾರದ್ದು ಆಗುತ್ತೆ, ಯಾರದ್ದು ಆಗಲ್ಲ, ಇದನ್ನೇ ಈ ಸಲ ನೋಡೋಣ.

ಮದ್ರಾಸಿನ ಮೊಹರು

1857ರಲ್ಲಿ ಬ್ರಿಟಿಷರು ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ಮೂರು ವಿಶ್ವವಿದ್ಯಾಲಯ ತೆಗೆದರು. ಮೈಸೂರು ಸಂಸ್ಥಾನದಲ್ಲಿ ಆಗ ವಿಶ್ವವಿದ್ಯಾಲಯ ಇರಲಿಲ್ಲ, ಆದರೆ ಒಳ್ಳೆಯ ಶಾಲೆಗಳಿದ್ದವು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಶುರು ಮಾಡಿದ ಇಂಗ್ಲಿಷ್ ಶಾಲೆ ಬೆಳೆದು ಮಹಾರಾಜಾ ಕಾಲೇಜು ಆಯ್ತು. ಬೆಂಗಳೂರಿನಲ್ಲಿ 1858ರಲ್ಲಿ ಹೈಸ್ಕೂಲಾಗಿ ಹುಟ್ಟಿದ್ದು 1875ರಲ್ಲಿ ಸೆಂಟ್ರಲ್ ಕಾಲೇಜು ಅಂತ ಹೆಸರು ಪಡೀತು. ಇವೆರಡೂ ಮದ್ರಾಸು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು.

ಇದರ ಅರ್ಥ ಏನು ಅಂತ ಇಂಜಿನಿಯರಿಂಗ್ ಓದೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ಕೂರೋ ಬೆಂಚು ಒಂದು ಊರಲ್ಲಿ, ಸಿಲಬಸ್ ಮಾಡೋದು, ಪೇಪರ್ ಸೆಟ್ ಮಾಡೋದು, ಸರ್ಟಿಫಿಕೇಟ್ ಕೊಡೋದು ಬೆಳಗಾವಿಯಲ್ಲಿ. ಅವತ್ತಿನ ಬೆಳಗಾವಿ ಮದ್ರಾಸು. ವ್ಯತ್ಯಾಸ ಏನು ಅಂದರೆ, ಬೆಳಗಾವಿ ನಮ್ಮದೇ ಸರ್ಕಾರದ ಕೆಳಗೆ ಬರುತ್ತೆ, ಮದ್ರಾಸು ಬೇರೆ ಸರ್ಕಾರದ್ದು. ಕಾಲೇಜಿಗೆ ದುಡ್ಡು ಮೈಸೂರಿನದು, ಹುಡುಗರು ಮೈಸೂರಿನವರು, ಮೊಹರು ಮಾತ್ರ ಮದ್ರಾಸಿನದು. ವಿಶ್ವೇಶ್ವರಯ್ಯನವರು 1881ರಲ್ಲಿ ಬಿ.ಎ. ಮಾಡಿದ್ದು ಸೆಂಟ್ರಲ್ ಕಾಲೇಜಿನಲ್ಲಿ. ಆ ಪದವಿಯೂ ಮದ್ರಾಸಿನದೇ. ಅದರ ಮೇಲೆ 1904ರಲ್ಲಿ ಲಾರ್ಡ್ ಕರ್ಜನ್ ಕಾಲದ ವಿಶ್ವವಿದ್ಯಾಲಯಗಳ ಕಾಯ್ದೆ ಬಂತು. ವಿಶ್ವವಿದ್ಯಾಲಯಗಳ ಮೇಲೂ ಅವುಗಳಿಗೆ ಸೇರಿದ ಕಾಲೇಜುಗಳ ಮೇಲೂ ಬ್ರಿಟಿಷ್ ಸರ್ಕಾರದ ಹಿಡಿತ ಇನ್ನಷ್ಟು ಬಿಗಿಯಾಯ್ತು.

ಇಂಜಿನಿಯರಿಂಗ್ ಅಂತೂ ಸಂಸ್ಥಾನದಲ್ಲಿ ಡಿಗ್ರಿ ಮಟ್ಟದಲ್ಲಿ ಇರಲೇ ಇಲ್ಲ. ಬೇಕಿದ್ದರೆ ಮದ್ರಾಸಿನ ಗಿಂಡಿ, ಇಲ್ಲವೇ ಪುಣೆ. ಗಿಂಡಿ 1794ರಲ್ಲಿ ಸರ್ವೇ ಶಾಲೆಯಾಗಿ ಹುಟ್ಟಿದ್ದು. ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ತಗೊಂಡು ಪುಣೆಗೆ ಹೋದರು, ಓದು ಮುಗಿಸಿ ಬೊಂಬಾಯಿ ಸರ್ಕಾರದ ಕೆಲಸಕ್ಕೆ ಸೇರಿದರು. ಅಂದರೆ ಮೈಸೂರು ದುಡ್ಡು ಹಾಕಿ ಓದಿಸಿದ ಇಂಜಿನಿಯರು ಕಾಲು ಶತಮಾನ ಬೇರೆಯವರ ನಾಲೆ, ಕೆರೆ, ನಲ್ಲಿ ನೋಡಿಕೊಂಡ. ಈಗಿನ ಭಾಷೆಯಲ್ಲಿ ಇದಕ್ಕೆ ಬ್ರೈನ್ ಡ್ರೈನ್ ಅಂತಾರೆ. ಮುಂದೆ ಅವರೇ ದಿವಾನರಾಗಿ ಬಂದು ಊರಲ್ಲೇ ಕಾಲೇಜು ಬೇಕು ಅಂತ ಹಟ ಹಿಡಿದಿದ್ದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನಮಗೆ ಅನ್ಸುತ್ತೆ.

ಒಂಬತ್ತು ಮೂಟೆಗೆ ಒಂದು ಹೆಸರು

ಇಲ್ಲಿ ಸ್ವಲ್ಪ ದೂರ ಹೋಗಿ ಬರೋಣ. ಹೊಸ ಕಾಲೇಜು ಕಟ್ಟೋದು ಅಂದರೆ ಎಷ್ಟು ಪರದಾಟ ಅಂತ ಹುಡುಕುವಾಗ ಅಮೆರಿಕದ ಯೇಲ್ ಸಿಕ್ಕಿತು. ಅದಕ್ಕೂ ಮದ್ರಾಸಿಗೂ ನೇರ ಸಂಬಂಧ ಇದೆ ಅಂತ ನಮಗೆ ಗೊತ್ತೇ ಇರಲಿಲ್ಲ.

ಅಮೆರಿಕ ಆಗಿನ್ನೂ ಬ್ರಿಟಿಷರ ವಸಾಹತು. ಮ್ಯಾಸಚೂಸೆಟ್ಸ್‌ನಲ್ಲಿ 1636ರಿಂದಲೇ ಹಾರ್ವರ್ಡ್ ಇತ್ತು. ಪಕ್ಕದ ಕನೆಕ್ಟಿಕಟ್‌ನ ಪಾದ್ರಿಗಳಿಗೆ ಹಾರ್ವರ್ಡ್ ದಾರಿ ತಪ್ಪುತ್ತಿದೆ ಅನ್ನೋ ಅಸಮಾಧಾನ, ತಮ್ಮದೇ ಒಂದು ಬೇಕು ಅನ್ನೋ ಆಸೆ. 1701ರಲ್ಲಿ ಕಾಲೇಜಿಗೆ ಅನುಮತಿ ಸಿಕ್ಕಿತು, ಕಟ್ಟಡ ಸಿಗಲಿಲ್ಲ. ಮೊದಲ ಮುಖ್ಯಸ್ಥ ಏಬ್ರಹಾಂ ಪಿಯರ್ಸನ್ ತಮ್ಮ ಮನೆಯಲ್ಲೇ ಪಾಠ ಮಾಡಿದರು. ಅವರು ತೀರಿಕೊಂಡ ಮೇಲೆ ಸೇಬ್ರೂಕ್ ಅನ್ನೋ ಊರಿಗೆ ಹೋಯ್ತು. 1716ರಲ್ಲಿ ನ್ಯೂ ಹೇವನ್‌ಗೆ ಸಾಗಿಸೋಣ ಅಂತ ತೀರ್ಮಾನವಾಯ್ತು. ಸೇಬ್ರೂಕಿನ ಜನ ಬಿಡ್ತಾರಾ? ಪುಸ್ತಕ ಸಾಗಿಸೋಕೆ ಬಂದಾಗ ಗಾಡಿ ಕೆಡಿಸಿದರು, ಸೇತುವೆ ಕಿತ್ತರು. ಆ ಗಲಾಟೆಯಲ್ಲಿ ಸುಮಾರು 250 ಪುಸ್ತಕ ಕಳೆದುಹೋದವು. ನಮ್ಮ ಕಡೆ ತಾಲ್ಲೂಕು ಆಫೀಸು ಬೇರೆ ಊರಿಗೆ ಹೋಗುತ್ತೆ ಅಂದರೆ ಬಂದ್ ಮಾಡ್ತಾರಲ್ಲ, ಅದೇ ಥರ.

ಆಗ ಕೈ ಹಿಡಿದವನು ಎಲಿಹು ಯೇಲ್. ಈತ 1687ರಿಂದ 1692ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಕಡೆಯಿಂದ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್. ಸ್ವಂತ ವ್ಯಾಪಾರ ಮಾಡಿ ಜೇಬು ತುಂಬಿಸಿಕೊಂಡ ಅನ್ನೋ ಆರೋಪದಲ್ಲಿ ಕೆಲಸ ಕಳಕೊಂಡವನು. ಮದ್ರಾಸಿನಿಂದ ಗುಲಾಮರನ್ನು ಸಾಗಿಸುವ ವ್ಯಾಪಾರ ಅವನ ಆಡಳಿತದಲ್ಲೇ ನಡೆದಿತ್ತು. 1718ರಲ್ಲಿ ಅವನು ಈ ಬಡ ಕಾಲೇಜಿಗೆ ಕಳಿಸಿದ್ದು ಒಂಬತ್ತು ಮೂಟೆ ಸಾಮಾನು, 417 ಪುಸ್ತಕ, ದೊರೆ ಒಂದನೇ ಜಾರ್ಜನ ಒಂದು ಪಟ. ಮೂಟೆ ಮಾರಿದಾಗ ಬಂದದ್ದು 562 ಪೌಂಡು ಚಿಲ್ಲರೆ. ಕಾಲೇಜಿಗೆ ಅವನ ಹೆಸರೇ ಇಟ್ಟರು. ಮುನ್ನೂರು ವರ್ಷದಿಂದ ಆ ಹೆಸರು ಓಡ್ತಾ ಇದೆ. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಗಳನ್ನು ಕೇಳಿದರೆ ಭಾರಿ ಲಾಭದ ವ್ಯವಹಾರ ಅಂತಾರೆ.

ಇನ್ನೊಂದು ವಿಷಯ ಹೇಳದೆ ಇರೋಕೆ ಆಗಲ್ಲ. ಯೇಲ್ ಮದ್ರಾಸಿನಲ್ಲಿ ಗವರ್ನರ್ ಆಗಿದ್ದ ಕಾಲದಲ್ಲಿ ಮೈಸೂರನ್ನು ಆಳ್ತಿದ್ದದ್ದು ಚಿಕ್ಕದೇವರಾಜ ಒಡೆಯರು. ಅವರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯೋ ಕೆಲಸದಲ್ಲಿದ್ದು, 'ಹದಿಬದೆಯ ಧರ್ಮ' ಅನ್ನೋ ಕಾವ್ಯ ಬರೆದ ಸಂಚಿ ಹೊನ್ನಮ್ಮ ನಮ್ಮ ಯಳಂದೂರಿನವಳು. ಯೇಲ್ ಕಾಲೇಜು ಡಿಗ್ರಿ ಓದೋಕೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದು 1969ರಲ್ಲಿ. ಯಳಂದೂರಿನ ಸದಸ್ಯರು ಇದನ್ನು ಸೇರಿಸಲೇಬೇಕು ಅಂತ ಪಟ್ಟು ಹಿಡಿದರು, ಸೇರಿಸಿದ್ದೀವಿ.

1916, ಜುಲೈ 27

ಮತ್ತೆ ಮೈಸೂರಿಗೆ ಬರೋಣ. ಯೇಲ್ ನ್ಯೂ ಹೇವನ್ನಿಗೆ ಹೊರಡಲು ತೀರ್ಮಾನಿಸಿ ಸರಿಯಾಗಿ ಇನ್ನೂರು ವರ್ಷಕ್ಕೆ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದು 1912ರಿಂದ 1918. ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು. ಸುಮ್ಮನೆ ಬೋರ್ಡು ಹಾಕಲಿಲ್ಲ. ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಂ ಅವರಿಂದ ಹೊರದೇಶದ ವಿಶ್ವವಿದ್ಯಾಲಯಗಳು ಹೇಗೆ ನಡೀತಾವೆ ಅಂತ ಅಧ್ಯಯನ ಮಾಡಿಸಿದರು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ನೋಡಿದ್ದು ಸಹಜ. ವಿಶೇಷ ಏನಂದರೆ ಅಮೆರಿಕದ ಎರಡನ್ನು ಗಂಭೀರವಾಗಿ ತಗೊಂಡರು. ಹೊಸ ಸಂಶೋಧನೆಗೆ ಷಿಕಾಗೊ ಮಾದರಿ, ಓದನ್ನು ಜನರ ಹತ್ತಿರ ತಗೊಂಡು ಹೋಗೋದಕ್ಕೆ ವಿಸ್ಕಾನ್ಸಿನ್ ಮಾದರಿ.

ಈ ವಿಸ್ಕಾನ್ಸಿನ್ ವಿಚಾರ ನಮ್ಮ ಲೇಖನಕ್ಕೆ ಬಹಳ ಮುಖ್ಯ. ಆ ವಿಶ್ವವಿದ್ಯಾಲಯದವರ ನಂಬಿಕೆ ಸರಳ: ವಿಶ್ವವಿದ್ಯಾಲಯ ಕಾಂಪೌಂಡಿಗೆ ನಿಲ್ಲಬಾರದು, ರಾಜ್ಯದ ಗಡಿ ಎಲ್ಲಿದೆಯೋ ಅದರ ಗಡಿಯೂ ಅಲ್ಲಿವರೆಗೆ. ಹಾಲು ಕರೆಯೋ ರೈತನಿಗೂ ಅದು ಉಪಯೋಗಕ್ಕೆ ಬರಬೇಕು. ಓದೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಕೊಳ್ಳೇಗಾಲದವರಾಗಿ ಓದಿದಾಗ ಮಾತ್ರ ಸ್ವಲ್ಪ ಚುಚ್ಚುತ್ತೆ. ಯಾಕೆ ಅಂತ ಮುಂದೆ ಹೇಳ್ತೀವಿ.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂತು. ಬ್ರಿಟಿಷರ ನೇರ ಆಡಳಿತದ ಹೊರಗೆ ಭಾರತದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಇದು. ಯುರೋಪಿನಲ್ಲಿ ಮೊದಲ ಮಹಾಯುದ್ಧ ನಡೀತಾ ಇದ್ದ ಹೊತ್ತು. ನಾಲ್ವಡಿಯವರು ಕುಲಾಧಿಪತಿ. ಅದೇ ವರ್ಷ ಕಾಶಿ ಹಿಂದೂ ವಿಶ್ವವಿದ್ಯಾಲಯಕ್ಕೂ ಅವರೇ ಮೊದಲ ಕುಲಾಧಿಪತಿ ಆದರು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಈ ಹೆಸರನ್ನು ಕನ್ನಡ ಸಂಘದವರು ಬೇರೆ ಕಡೆಯೂ ಓದಿರ್ತೀರಿ. 1915ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಅವರೇ, ಮೊದಲ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಒಂದೇ ಮನುಷ್ಯ, ಒಂದು ವರ್ಷದ ಅಂತರದಲ್ಲಿ, ಕನ್ನಡದ ಪರಿಷತ್ತನ್ನೂ ಇಂಗ್ಲಿಷಿನಲ್ಲಿ ಪಾಠ ಮಾಡೋ ವಿಶ್ವವಿದ್ಯಾನಿಲಯವನ್ನೂ ನಡೆಸಿದರು. ನಮ್ಮಂಥವರ ಸಂಕಟ ಅವರಿಗೂ ಅರ್ಥ ಆಗ್ತಿತ್ತೇನೋ.

ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸನ್ನು ಬಿಟ್ಟು ಇದರ ಕೆಳಗೆ ಬಂದವು. 1918ರಲ್ಲಿ ಮೊದಲ ಘಟಿಕೋತ್ಸವ. ಸರ್ಟಿಫಿಕೇಟ್ ಮೇಲೆ ಮೈಸೂರಿನ ಹೆಸರು.

ಇಪ್ಪತ್ತು ಜನರ ಕಾಲೇಜು

ನಾವು ಇಂಜಿನಿಯರಿಂಗ್‌ನವರು, ಇದನ್ನು ಬಿಟ್ಟರೆ ಬೈಸಿಕೊಳ್ತೀವಿ. 1917ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಶುರುವಾಯ್ತು. ಈಗಿನ ಯುವಿಸಿಇ ಅದೇ, ಕೆ.ಆರ್. ಸರ್ಕಲ್ ಹತ್ತಿರ ಇರೋದು. ಶುರುವಾದಾಗ ಎರಡೇ ಬ್ರಾಂಚು, ಸಿವಿಲ್ ಮತ್ತು ಮೆಕ್ಯಾನಿಕಲ್. ವಿದ್ಯಾರ್ಥಿಗಳು 20. ನಮ್ಮ ಕ್ಲಾಸಿನ ಒಂದು ಲ್ಯಾಬ್ ಬ್ಯಾಚಲ್ಲೇ ಅಷ್ಟು ಜನ ಇರ್ತೀವಿ.

ಆಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಹೇಳಿಕೊಡ್ತಿದ್ದವರಲ್ಲಿ ಎಸ್.ವಿ. ಶೆಟ್ಟಿ ಒಬ್ಬರು. ಮೈಸೂರಿನವರು, ಗಿಂಡಿಯಲ್ಲಿ ಓದಿದವರು. ಆಮೇಲೆ ಇಂಗ್ಲೆಂಡಿಗೆ ಹೋಗಿ ಎ.ವಿ. ರೋ ಕಂಪನಿಯಲ್ಲಿ ವಿಮಾನ ಕಟ್ಟೋದರಲ್ಲಿ, ಹಾರಿಸೋದರಲ್ಲಿ ಕೆಲಸ ಮಾಡಿದವರು. ರೈಟ್ ಸಹೋದರರು ಹಾರಿ ಇನ್ನೂ ಹತ್ತು ವರ್ಷ ಆಗಿರಲಿಲ್ಲ, ನೆನಪಿಡಿ. ಅಂಥವರು ವಾಪಸ್ ಬಂದು ಪಾಠಕ್ಕೆ ನಿಂತರು. 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡರು. ಕೋವಿಡ್ ಕಾಲದಲ್ಲಿ ಹೈಸ್ಕೂಲು ಮುಗಿಸಿದ ನಮಗೆ ಆ ಸಾಲು ಓದಿ ಸ್ವಲ್ಪ ಹೊತ್ತು ಏನೂ ಮಾತಾಡೋಕೆ ಆಗಲಿಲ್ಲ.

ಮೈಸೂರಿನ ಕಡೆ, 1918ರಲ್ಲಿ ಎಸ್. ರಾಧಾಕೃಷ್ಣನ್ ತತ್ವಶಾಸ್ತ್ರಕ್ಕೆ ಬಂದು ಮೂರು ವರ್ಷ ಇದ್ದರು. 1921ರಲ್ಲಿ ಕಲ್ಕತ್ತಾಕ್ಕೆ ಹೊರಟಾಗ ಹುಡುಗರು ಹೂ ಹಾಕಿ ಸಿಂಗರಿಸಿದ ಗಾಡಿಯನ್ನು ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಕರಕೊಂಡು ಹೋದರು. ಈ ಕಥೆ ಎಲ್ಲರಿಗೂ ಗೊತ್ತು, ಮುಂದೆ ಹೋಗೋಣ.

ದುಡ್ಡು ಎಲ್ಲಿಂದ, ಗಡಿ ಎಲ್ಲಿ

ಯೇಲ್‌ಗೆ ಒಂಬತ್ತು ಮೂಟೆ ಬಂತು. ಮೈಸೂರಿಗೆ? ಈ ಪ್ರಶ್ನೆಯಿಂದಲೇ ನಮ್ಮೂರು ಕಥೆಯೊಳಗೆ ಬರುತ್ತೆ.

ಸಂಸ್ಥಾನದ ಆದಾಯಕ್ಕೆ ಕೋಲಾರದ ಚಿನ್ನದ ಗಣಿಯಿಂದ ಬರೋ ರಾಜಧನ ದೊಡ್ಡ ಆಸರೆ. ಆ ಗಣಿಗೆ ಕರೆಂಟು ಮಾರಿದ್ದು ಇನ್ನೊಂದು. ಕರೆಂಟು ಹೋಗಿದ್ದು ಶಿವನಸಮುದ್ರದಿಂದ. 1902ರ ಜೂನ್‌ನಲ್ಲಿ ಅಲ್ಲಿ ತಯಾರಾದ ವಿದ್ಯುತ್ತು 35,000 ವೋಲ್ಟಿನಲ್ಲಿ 92 ಮೈಲಿ, ಅಂದರೆ ಸುಮಾರು 148 ಕಿ.ಮೀ. ದೂರದ ಕೋಲಾರಕ್ಕೆ ಮುಟ್ಟಿತು. ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಅಷ್ಟು ವೋಲ್ಟೇಜ್ ಯಾಕೆ ಅಂತ ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಓದಿದ್ದೀವಿ: ಅದೇ ಪವರ್‌ಗೆ ವೋಲ್ಟೇಜ್ ಎರಡು ಪಟ್ಟು ಮಾಡಿದರೆ ಕರೆಂಟ್ ಅರ್ಧ ಆಗುತ್ತೆ, ತಂತಿಯಲ್ಲಿ ಬಿಸಿಯಾಗಿ ಹಾಳಾಗೋದು ಕಾಲು ಭಾಗಕ್ಕೆ ಇಳಿಯುತ್ತೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಈ ಲೆಕ್ಕದ ನಮ್ಮ ಊರಿನ ಉದಾಹರಣೆ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಕೊಳ್ಳೇಗಾಲದಿಂದ ಬಸ್ ಹತ್ತಿದರೆ ಅರ್ಧ ಗಂಟೆಯೊಳಗೆ ಶಿವನಸಮುದ್ರ. ಮಳೆಗಾಲದಲ್ಲಿ ಭರಚುಕ್ಕಿ ನೋಡೋಕೆ ಸ್ಕೂಲಿಂದ ಎಷ್ಟು ಸಲ ಹೋಗಿದ್ದೀವೋ.

ಕರೆಂಟು ಶುರುವಾದಾಗ ದಿವಾನರಾಗಿದ್ದವರು ಪಿ.ಎನ್. ಕೃಷ್ಣಮೂರ್ತಿ. ಯಳಂದೂರಿನ ಜಹಗೀರುದಾರರು, ದಿವಾನ್ ಪೂರ್ಣಯ್ಯನವರ ವಂಶದವರು. ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ಸಿಕ್ಕಿತ್ತು. ಆ ಬಂಗಲೆ ಇವತ್ತಿಗೂ ಯಳಂದೂರಿನಲ್ಲಿದೆ.

ಈಗ ಗಡಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರನ್ನು ಹಂಚಿಕೊಂಡಾಗ ಕೊಳ್ಳೇಗಾಲ ಬ್ರಿಟಿಷರ ಪಾಲಿಗೆ ಹೋಯ್ತು. ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕು. ಹನೂರು ಆ ತಾಲ್ಲೂಕಿನೊಳಗೆ, ಮಾದಪ್ಪನ ಬೆಟ್ಟವೂ ಅದರೊಳಗೆ. ಯಳಂದೂರು ಮಾತ್ರ ಮೈಸೂರಿನಲ್ಲೇ ಉಳೀತು. ಕೊಳ್ಳೇಗಾಲಕ್ಕೂ ಯಳಂದೂರಿಗೂ ಬಸ್ಸಲ್ಲಿ ಅರ್ಧ ಗಂಟೆ ದಾರಿ. ಅದೇ ಕನ್ನಡ, ಅದೇ ರಾಗಿ ಮುದ್ದೆ, ಹೆಣ್ಣು ಕೊಟ್ಟು ತರೋ ಅದೇ ಮನೆಗಳು. ಆದರೆ ಆ ಅರ್ಧ ಗಂಟೆಯ ಮಧ್ಯೆ ಎಲ್ಲೋ ಒಂದು ಕಡೆ ಸರ್ಕಾರ ಬದಲಾಗ್ತಿತ್ತು.

ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು ಧುಮುಕುತ್ತೆ. ಕರೆಂಟಿನ ಮನೆ ಇರೋದು ಮಳವಳ್ಳಿ ಕಡೆ, ಅಂದರೆ ಮೈಸೂರಿನ ಕಡೆ. ಈಚೆ ದಡ ಕೊಳ್ಳೇಗಾಲ, ಅಂದರೆ ಮದ್ರಾಸು. ವಿಸ್ಕಾನ್ಸಿನ್ ಮಾದರಿಯಂತೆ ಮೈಸೂರು ವಿಶ್ವವಿದ್ಯಾನಿಲಯದ ಗಡಿ ರಾಜ್ಯದ ಗಡಿವರೆಗೆ ಅಂತಿಟ್ಟುಕೊಳ್ಳಿ. ಅದು ಹೊಳೆಯ ಆಚೆ ದಡದಲ್ಲೇ ನಿಂತುಬಿಟ್ಟಿತು. ಯಳಂದೂರಿನ ಹುಡುಗನಿಗೆ 1916ರಲ್ಲಿ ಮೈಸೂರು ತನ್ನದೇ ಸರ್ಕಾರದ ವಿಶ್ವವಿದ್ಯಾನಿಲಯ. ಕೊಳ್ಳೇಗಾಲದ ಹುಡುಗನಿಗೆ ಅದು ಅರವತ್ತು ಚಿಲ್ಲರೆ ಕಿಲೋಮೀಟರ್ ದೂರದ ಪರರಾಜ್ಯ. ಅವನ ಜಿಲ್ಲಾ ಕಚೇರಿ ಹಾಸನೂರು ದಾಟಿ, ದಿಂಬಂ ಘಟ್ಟ ಇಳಿದು, ಸತ್ಯಮಂಗಲದ ಆಚೆ ಕೊಯಮತ್ತೂರಿನಲ್ಲಿ. ಅವನ ವಿಶ್ವವಿದ್ಯಾಲಯ ಮದ್ರಾಸಿನಲ್ಲಿ. ಮೈಸೂರಿನವರು ಯಾವ ಮೊಹರು ಬೇಡ ಅಂತ ಬಿಟ್ಟು ಬಂದರೋ ಅದೇ ಮೊಹರು ಕೊಳ್ಳೇಗಾಲದವರಿಗೆ ಉಳಿಯಿತು.

ಎಂಬತ್ತೈದು ದಾಟಿದ ಒಬ್ಬರು ತಾತ, ನಮ್ಮಲ್ಲೊಬ್ಬರ ಮನೆಯ ಬೀದಿಯವರು, ಇದನ್ನು ಕೇಳಿದಾಗ ನಕ್ಕರು. "ಕಾಗ್ದ ಪತ್ರ ಅಂದ್ರ ಕೊಯಮತ್ತೂರು ಕನಪ್ಪ. ನಮ್ಗ ಮೈಸೂರು ಅಂದ್ರ ದಸರಾ ನೋಡಾಕ, ಅಷ್ಟೇಯ" ಅಂದರು. ದಸರಾಕ್ಕೆ ಗಡಿ ಇರಲಿಲ್ಲ, ಡಿಗ್ರಿಗೆ ಇತ್ತು.

ಇದರಲ್ಲಿ ಮೈಸೂರಿನವರ ತಪ್ಪೇನೂ ಇಲ್ಲ. ತಮ್ಮ ರಾಜ್ಯದ ದುಡ್ಡಲ್ಲಿ ತಮ್ಮ ರಾಜ್ಯಕ್ಕೆ ಕಟ್ಟಿಕೊಂಡರು. ಆದರೆ 'ಕನ್ನಡಿಗರ ಮೊದಲ ವಿಶ್ವವಿದ್ಯಾನಿಲಯ' ಅಂತ ನಾವೆಲ್ಲ ಭಾಷಣದಲ್ಲಿ ಹೇಳ್ತೀವಲ್ಲ, ಆಗ ಕೊಳ್ಳೇಗಾಲದ, ಬಳ್ಳಾರಿಯ, ಧಾರವಾಡದ, ಮಂಗಳೂರಿನ ಕನ್ನಡಿಗರು ಎಲ್ಲಿದ್ದರು ಅಂತ ಒಂದು ಸಲ ನೋಡಬೇಕು ಅನ್ಸುತ್ತೆ.

ಬಾಗಿಲೊಳಗೆ ಯಾರು

ಗಡಿಯೊಳಗೆ ಇದ್ದವರಿಗೆಲ್ಲ ಬಾಗಿಲು ತೆರೆದಿತ್ತು ಅಂತಲೂ ಅಲ್ಲ. ಓದು, ಸರ್ಕಾರಿ ಕೆಲಸ ಎರಡರಲ್ಲೂ ಬ್ರಾಹ್ಮಣರೇ ಹೆಚ್ಚಿದ್ದರು. ಬೇರೆ ಜಾತಿಗಳವರು ನಮಗೂ ಪಾಲು ಬೇಕು ಅಂತ ಕೇಳಿದಾಗ ನಾಲ್ವಡಿಯವರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಅದರ ವರದಿ 1919ರಲ್ಲಿ ಬಂತು. ಓದಿನಲ್ಲಿ ಹಿಂದೆ ಉಳಿದ ಜಾತಿಗಳಿಗೆ ಶಿಕ್ಷಣದಲ್ಲಿ ಸಹಾಯ, ಕೆಲಸದಲ್ಲಿ ಪಾಲು ಅಂತ ಅದು ಹೇಳಿತು. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆ ಇರಲಿಲ್ಲ, ಅರ್ಹತೆಯೊಂದೇ ಅಳತೆ ಆಗಬೇಕು ಅನ್ನೋ ಕಡೆ ಅವರಿದ್ದರು. 1918ರ ಕೊನೆಗೆ ದಿವಾನಗಿರಿ ಬಿಟ್ಟರು. ಇಂಜಿನಿಯರ್ಸ್ ಡೇ ದಿನ ನಾವು ಅವರ ಫೋಟೋಗೆ ಹಾರ ಹಾಕುವಾಗ ಈ ಅಧ್ಯಾಯ ಯಾರೂ ಎತ್ತಲ್ಲ. ಎತ್ತಬೇಕು ಅಂತ ನಮ್ಮ ಅಭಿಪ್ರಾಯ. ನಮ್ಮ ಮೂವರಲ್ಲಿ ಇಬ್ಬರು ಇವತ್ತು ಇಂಜಿನಿಯರಿಂಗ್ ಸೀಟಲ್ಲಿ ಕೂತಿರೋದು ಮಿಲ್ಲರ್ ಸಮಿತಿ ತೆಗೆದ ಆ ದಾರಿಯಲ್ಲೇ ನಡೆದು. ಆ ಕಾಲೇಜನ್ನು ಕಟ್ಟಿದವರ ಮೇಲೆ ಗೌರವವೂ ಇದೆ, ಈ ವಿಷಯದಲ್ಲಿ ಅವರನ್ನು ಒಪ್ಪೋಕೂ ಆಗಲ್ಲ. ಎರಡೂ ಒಟ್ಟಿಗೆ ಇರಬಹುದು.

ಗಡಿಯ ಆಚೆ, ಮದ್ರಾಸು ಪ್ರಾಂತ್ಯದಲ್ಲೂ ಜಸ್ಟಿಸ್ ಪಾರ್ಟಿ ಸರ್ಕಾರ 1921ರಲ್ಲಿ ಕಮ್ಯುನಲ್ ಜಿ.ಒ. ತಂದಿತು. ವಿಚಿತ್ರ ನೋಡಿ, ಕೊಳ್ಳೇಗಾಲ ಮತ್ತು ಯಳಂದೂರು ಎರಡೂ ಬೇರೆ ಬೇರೆ ಸರ್ಕಾರದ ಕೆಳಗಿದ್ದುಕೊಂಡು ಒಂದೇ ಪ್ರಶ್ನೆಗೆ ಎರಡು ಮೂರು ವರ್ಷದ ಅಂತರದಲ್ಲಿ ಉತ್ತರ ಪಡೆದವು.

ಇನ್ನು ಭಾಷೆ. ಕ್ಲಾಸಿನಲ್ಲಿ ಇಂಗ್ಲಿಷ್. ಆದರೆ ಕ್ಲಾಸಿನ ಹೊರಗೆ ಏನೋ ಶುರುವಾಯ್ತು. ವಿಶ್ವವಿದ್ಯಾನಿಲಯ ಹುಟ್ಟಿದ ಎರಡು ಮೂರು ವರ್ಷದಲ್ಲೇ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಹುಡುಗರನ್ನು ಸೇರಿಸಿಕೊಂಡು ಕರ್ಣಾಟಕ ಸಂಘ ಕಟ್ಟಿದರು, 'ಪ್ರಬುದ್ಧ ಕರ್ಣಾಟಕ' ಅಂತ ಪತ್ರಿಕೆ ತಂದರು. ಅದೇ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ ಜೊತೆ ಸೇರಿ ಅದೇ ಹೊತ್ತಿಗೆ 'ವಿಜ್ಞಾನ' ಅನ್ನೋ ಕನ್ನಡ ಮಾಸಪತ್ರಿಕೆ ನಡೆಸಿದರು. ಎರಡು ವರ್ಷದ ಹೊತ್ತಿಗೆ ಅದು ನಿಂತುಹೋಯ್ತು. ಹಾಸ್ಟೆಲ್ ರೂಮಲ್ಲಿ ಕೂತು ಈ ಆನ್‌ಲೈನ್ ಪತ್ರಿಕೆಗೆ ಲೇಖನ ಬೇಡಿ ಬೇಡಿ ಸಾಕಾಗಿರೋ ನಮ್ಮ ಸಂಪಾದಕರಿಗೆ ಇದನ್ನು ಓದಿ ಹೇಳಿದೆವು. "ಫಿಸಿಕ್ಸ್ ಪ್ರೊಫೆಸರ್ ಕೈಲೇ ಎರಡು ವರ್ಷ ಆಗಿದ್ದು" ಅಂತ ಅವರಿಗೆ ಸ್ವಲ್ಪ ಸಮಾಧಾನ ಆಯ್ತು.

ಕನ್ನಡದಲ್ಲಿ ಎಂ.ಎ. ತರಗತಿ ಶುರುವಾಗಿದ್ದು 1927ರಲ್ಲಿ, ಅಂದರೆ ಹನ್ನೊಂದು ವರ್ಷ ಕಳೆದ ಮೇಲೆ. ಮೊದಮೊದಲು ಸೇರಿದವರಲ್ಲಿ ಕುವೆಂಪು ಒಬ್ಬರು, 1929ರಲ್ಲಿ ಮುಗಿಸಿದರು. 1930ರ ದಶಕದಲ್ಲಿ ಮೇಷ್ಟ್ರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟು, ಅದನ್ನೇ ಸಣ್ಣ ಪುಸ್ತಕವಾಗಿ ಕಡಿಮೆ ಬೆಲೆಗೆ ಮಾರೋ ಕೆಲಸ ನಡೀತು. ವಿಸ್ಕಾನ್ಸಿನ್ ಮಾತು ನಿಜವಾಗಿ ಜಾರಿಗೆ ಬಂದಿದ್ದು ಆಗಲೇ. 1946ರಲ್ಲಿ ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂತು. ಈ ಲೇಖನ ಬರೆಯುವಾಗ ಅದರ ಹಳೇ ಪ್ರತಿಯೊಂದು ನಮ್ಮ ಲೈಬ್ರರಿಯ ಕೆಳಗಿನ ಕಪಾಟಿನಲ್ಲಿ ಸಿಕ್ಕಿತು. ಒಂದು ಕಾಲೇಜು ಊರಿನ ಮಾತಿಗೆ ಒಗ್ಗೋಕೆ ಎಷ್ಟು ಕಾಲ ಬೇಕು ಅಂತ ಈ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ನಮ್ಮಲ್ಲಿ ಈಗ ಬಳಕೆ ಕನ್ನಡ, ಸಾಂಸ್ಕೃತಿಕ ಕನ್ನಡ ಅಂತ ಒಂದು ಕ್ರೆಡಿಟ್ಟಿನ ಸಬ್ಜೆಕ್ಟ್ ಇದೆ. ಸರಿ ಉತ್ತರಕ್ಕೆ ಗುರುತು ಹಾಕಿದರೆ ಪಾಸು. ಕನ್ನಡದಲ್ಲಿ ಒಂದು ಸಾಲೂ ಬರೆಯದೆ ಕನ್ನಡ ಪಾಸಾದ ಪೀಳಿಗೆ ನಮ್ಮದು.

1956, ನವೆಂಬರ್ 1

ಭಾಷಾವಾರು ರಾಜ್ಯಗಳಾದ ದಿನ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ಜಿಲ್ಲೆಗೆ ಬಂತು. ಹನೂರು ಅದರ ಜೊತೆಗೆ. 1916ಕ್ಕೆ ನಲವತ್ತು ಕೂಡಿಸಿ. ಆ ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಆದವರು ಕುವೆಂಪು. ಅವರ ಕಾಲದಲ್ಲೇ ಮೈಸೂರಿನಲ್ಲಿ ಹೊಸ ಕ್ಯಾಂಪಸ್ಸಿಗೆ ಜಾಗ ಆಯ್ತು, ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ. ಕೊಳ್ಳೇಗಾಲಕ್ಕೆ ಆಮೇಲೆ ಮಹದೇಶ್ವರ ಸ್ವಾಮಿ ಹೆಸರಿನ ಡಿಗ್ರಿ ಕಾಲೇಜೂ ಬಂತು. ನಮ್ಮ ಮನೆಗಳಲ್ಲಿ ಮೊದಲ ಡಿಗ್ರಿಯವರು ಅಂತ ಯಾರಿದ್ದಾರೋ ಅವರೆಲ್ಲ ಈ 1956ರ ಆಚೆಯವರೇ. ಲೆಕ್ಕ ಹಾಕಿ ನೋಡಿದೆವು, ಯಳಂದೂರಿನ ಮನೆಯಲ್ಲಿ ಮಾತ್ರ ಒಬ್ಬರು ಅದಕ್ಕೂ ಮೊದಲು ಮಹಾರಾಜಾ ಕಾಲೇಜಿನಲ್ಲಿ ಓದಿದವರು ಇದ್ದಾರೆ. ಅರ್ಧ ಗಂಟೆಯ ಬಸ್ ದಾರಿ ಒಂದು ತಲೆಮಾರಾಗಿತ್ತು.

1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯ್ತು. ಆಮೇಲೆ ಹನೂರು ಬೇರೆ ತಾಲ್ಲೂಕಾಯ್ತು. 2023ರಲ್ಲಿ ಜಿಲ್ಲೆಗೆ ವಿಶ್ವವಿದ್ಯಾಲಯ. ಅದಕ್ಕೆ ದುಡ್ಡಿಲ್ಲ, ಕಾಯಂ ಮೇಷ್ಟ್ರುಗಳಿಲ್ಲ, ಹಳೇ ಮೈಸೂರಿನದೇ ಒಳ್ಳೇ ಹೆಸರು ಅನ್ನೋ ವಾದ ನಮ್ಮ ಕಡೆಯವರೇ ಮಾಡ್ತಾರೆ. ಪೂರ್ತಿ ಸುಳ್ಳೂ ಅಲ್ಲ. ಮೈಸೂರಿನ ಹೆಸರಿರೋ ಸರ್ಟಿಫಿಕೇಟಿಗೆ ಕೆಲಸ ಬೇಗ ಸಿಗುತ್ತೆ ಅಂತ ಅಪ್ಪ-ಅಮ್ಮ ಯೋಚನೆ ಮಾಡಿದರೆ ಅದರಲ್ಲಿ ತಪ್ಪೇನು? ಆದರೆ 1918ರಲ್ಲಿ ಮೈಸೂರಿನ ಸರ್ಟಿಫಿಕೇಟ್ ಹಿಡಿದು ಹೊರಬಂದ ಮೊದಲ ಹುಡುಗರ ಮನೆಯಲ್ಲೂ 'ಮದ್ರಾಸೇ ಚೆನ್ನಾಗಿತ್ತು' ಅಂತ ಯಾರೋ ಒಬ್ಬರು ಅಂದೇ ಇರ್ತಾರೆ. ಯೇಲ್‌ಗೆ ಹದಿನೇಳು ವರ್ಷ ಸ್ವಂತ ಹೆಸರೂ ಇರಲಿಲ್ಲ, ನಿಲ್ಲೋಕೆ ಒಂದು ಊರೂ ಇರಲಿಲ್ಲ. ಮೈಸೂರಿಗೆ ಬೆನ್ನಿಗೆ ದೊರೆ ಇದ್ದ, ಚಿನ್ನದ ಗಣಿ ಇತ್ತು, ನಮ್ಮೂರ ಪಕ್ಕದ ಜಲಪಾತ ಇತ್ತು. ಎರಡು ವರ್ಷಕ್ಕೇ ಲೆಕ್ಕ ಕೇಳಿದ್ದರೆ ಇವೆರಡರಲ್ಲಿ ಯಾವುದು ಉಳೀತಿತ್ತು?

ಇದನ್ನೆಲ್ಲ ಬರೆದು ಮುಗಿಸಿ ಆ ತಂಗಿಗೆ ಫೋನ್ ಮಾಡಿದೆವು, ಸ್ಪೀಕರ್ ಹಾಕಿ. ಎಲಿಹು ಯೇಲ್, ಒಂಬತ್ತು ಮೂಟೆ, ಸೇತುವೆ ಕಿತ್ತ ಊರಿನವರು, ಎಲ್ಲ ಹೇಳಿದೆವು. ಹೊನ್ನಮ್ಮನ ಕಥೆ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವಳದು ಐಚ್ಛಿಕ ಕನ್ನಡ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೆಲ್ಲ ಸರಿ ಅಣ್ಣಾ, ಈ ಸೆಮಿಸ್ಟರ್ ಫೀಸ್‌ನ ಯಾರ್ ಹೆಸ್ರಿಗ ಕಟ್ಟಬೇಕು ಅಂತ ಕೇಳಿ ಹೇಳು, ಸೋಮವಾರ ಕೊನೇ ದಿನ" ಅಂದಳು.